ಗ್ರಿಪ್ ಹೀಟರ್ ಇದ್ದರೂ ಸ್ನೋಮೊಬೈಲ್ ಸವಾರಿಯಲ್ಲಿ ಹೆಬ್ಬೆರಳು ಮರಗಟ್ಟುವುದೇಕೆ?

ತೀರ್ಥಹಳ್ಳಿ ಟು ಹೌಟನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಮಿಶಿಗನ್ ರಾಜ್ಯದ ಉತ್ತರ ಭಾಗದಲ್ಲಿರುವ ಹೌಟನ್‌ನಲ್ಲಿ ಓದುತ್ತಿದ್ದೇನೆ. ಸುಪೀರಿಯರ್ ಸರೋವರದ ದೆಸೆಯಿಂದ ಇಲ್ಲಿ ಚಳಿಗಾಲವಿಡೀ ಹಿಮ ಸುರಿಯುತ್ತದೆ. ತಾಮ್ರದ ಗಣಿಗಳಿದ್ದ ಕಾಲದ ಹಳೆಯ ರೈಲುದಾರಿಗಳಲ್ಲಿ ಹಲವು ಈಗ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ವಾಹನ) ದಾರಿಗಳಾಗಿವೆ. ನಾವು ಮೂವರು ಸಹಪಾಠಿಗಳು ಪಾಲಿನಲ್ಲಿ ಹಳೆಯ ಸ್ನೋಮೊಬೈಲ್ ಒಂದನ್ನು ಕೊಂಡಿದ್ದೇವೆ.

ಅದರ ಹ್ಯಾಂಡಲ್ ಗ್ರಿಪ್‌ಗಳ ಹೀಟರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಂಗೈ ಬೆವರುವಷ್ಟು ಬಿಸಿಯಾಗುತ್ತದೆ. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬೆರಳುಗಳ ಹೊರಬದಿಯೂ, ಮುಖ್ಯವಾಗಿ ವೇಗ ಹೆಚ್ಚಿಸುವ ಥ್ರಾಟಲ್ ಒತ್ತುವ ಬಲಗೈ ಹೆಬ್ಬೆರಳೂ ಜೋಮು ಹಿಡಿದು, ತುದಿ ಬಿಳುಚಿಕೊಳ್ಳುತ್ತದೆ. ನಾನು ಹಾಕಿಕೊಳ್ಳುವುದು ಸ್ಕೀಯಿಂಗ್‌ಗೆಂದು ಮಾರುವ, ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಅತಿ ದಪ್ಪನೆಯ ಕೈಗವಸನ್ನು. ಫೆಬ್ರವರಿಯಲ್ಲಿ ಕಾಪರ್ ಹಾರ್ಬರ್‌ವರೆಗೆ, ಅಂದರೆ ಒಂದು ಬದಿಗೇ ಸುಮಾರು 75 ಕಿಲೋಮೀಟರ್ ಹೋಗುವ ಯೋಚನೆಯಿದೆ. ಬ್ಯಾಟರಿಯಿಂದ ಬಿಸಿಯಾಗುವ ಕೈಗವಸು ಕೊಳ್ಳಬೇಕೇ, ಅಥವಾ ವಿದ್ಯಾರ್ಥಿಯ ಜೇಬಿಗೆ ಹೊಂದುವ ಬೇರೆ ಉಪಾಯವಿದೆಯೇ?

ಮಿನ್ನೆಸೋಟ ನಿವಾಸಿ

ನಿಮ್ಮ ವಿವರಣೆಯಲ್ಲೇ ಉತ್ತರವಿದೆ. ಅಂಗೈ ಬೆವರುತ್ತಿದೆ, ಹೊರಬದಿ ಮರಗಟ್ಟುತ್ತಿದೆ ಎಂದರೆ ನಿಮಗೆ ಕೊರತೆಯಾಗಿರುವುದು ಶಾಖವಲ್ಲ, ಗಾಳಿಗೆ ತಡೆ. ಹೀಟರ್ ಬಿಸಿ ಮಾಡುವುದು ಗ್ರಿಪ್ಪನ್ನು ಮುಟ್ಟುವ ಭಾಗವನ್ನು ಮಾತ್ರ. ಗಾಳಿಗೆ ಎದುರಾಗಿರುವುದು ಕೈಯ ಇನ್ನೊಂದು ಬದಿ. ಅಮೆರಿಕ ಮತ್ತು ಕೆನಡಾಗಳ ಹವಾಮಾನ ಸಂಸ್ಥೆಗಳು 2001ರಿಂದ ಬಳಸುತ್ತಿರುವ ಸೂತ್ರದ ಪ್ರಕಾರ, ಮೈನಸ್ 12 ಡಿಗ್ರಿ ಸೆಲ್ಸಿಯಸ್ ಇರುವ ದಿನ ಗಂಟೆಗೆ 60 ಕಿಲೋಮೀಟರ್ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಸುಮಾರು ಮೈನಸ್ 25ರ ಚಳಿಗೆ ಸಮ. ಆ ಸೂತ್ರವೂ ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆದ ಗಾಳಿಯನ್ನು ಹಿಡಿದು, ಮುಖದ ಎತ್ತರದಲ್ಲಿ ಅದು ತಗ್ಗಿರುತ್ತದೆಂಬ ಲೆಕ್ಕದ ಮೇಲೆ ನಿಂತಿದೆ. ಸವಾರನ ಕೈಗೆ ಬಡಿಯುವ ಗಾಳಿಗೆ ಅಂಥ ರಿಯಾಯಿತಿಯಿಲ್ಲ.

ಆದ್ದರಿಂದ ಮೊದಲು ಹ್ಯಾಂಡಲ್‌ಬಾರ್ ಮಫ್ ಹಾಕಿಸಿ. ಗ್ರಿಪ್, ಬ್ರೇಕ್ ಮತ್ತು ಥ್ರಾಟಲ್‌ಗಳನ್ನು ಒಟ್ಟಿಗೆ ಮುಚ್ಚುವ ಈ ಚೀಲಗಳು ನೋಡಲು ಚೆಂದವಿಲ್ಲ, ನಿಜ. ಆದರೆ ಗಾಳಿಯನ್ನು ಹೊರಗಿಟ್ಟು, ಹೀಟರಿನ ಬಿಸಿಯನ್ನು ಒಳಗೇ ಉಳಿಸುವುದರಿಂದ ಇರುವ ಹೀಟರೇ ಸಾಕಾಗುತ್ತದೆ. ವಿಂಡ್‌ಶೀಲ್ಡ್ ಗಿಡ್ಡವಾಗಿದ್ದರೆ ಕೈಗಳನ್ನೂ ಮರೆಮಾಡುವಷ್ಟು ಎತ್ತರ, ಅಗಲದ್ದನ್ನು ಹುಡುಕಿ. ಹಳೆಯ ಬಿಡಿಭಾಗ ಮಾರುವವರಲ್ಲಿ ಕಡಿಮೆ ಬೆಲೆಗೆ ಸಿಗಬಹುದು.

ಎರಡನೆಯದು ನಿಮ್ಮ ಆ ದಪ್ಪ ಕೈಗವಸು. ಬಿಸಿ ಗ್ರಿಪ್ಪಿರುವ ವಾಹನಕ್ಕೆ ಅಂಗೈ ಕಡೆ ತೆಳುವಾಗಿ, ಹೊರಬದಿಯಲ್ಲಿ ದಪ್ಪವಾಗಿರುವ ಕೈಗವಸು ಬೇಕು. ಎಲ್ಲ ಕಡೆಯೂ ದಪ್ಪವಿದ್ದರೆ ಹೀಟರಿನ ಶಾಖ ಕೈಗೆ ತಲುಪಲು ತಡವಾಗುತ್ತದೆ. ಹಾಗಾದಾಗ ಸವಾರರು ಹೀಟರನ್ನು ಇನ್ನಷ್ಟು ಏರಿಸುತ್ತಾರೆ, ಅಂಗೈ ಬೆವರುತ್ತದೆ, ಆ ಬೆವರು ಒಳಪದರಕ್ಕೆ ಇಳಿದು, ದಾರಿಯಲ್ಲಿ ನಿಂತಾಗ ತಣ್ಣಗಾಗುತ್ತದೆ. ದಪ್ಪ ಕೈಗವಸು ತೊಟ್ಟರೆ ಗ್ರಿಪ್ಪನ್ನು ಬಿಗಿಯಾಗಿ ಅದುಮಿ ಹಿಡಿಯಬೇಕಾಗುವುದರಿಂದ ಬೆರಳುಗಳ ರಕ್ತಸಂಚಾರಕ್ಕೂ ಅಡ್ಡಿ. ಒಳಗೆ ಹತ್ತಿಯ ಪದರ ಬೇಡವೇ ಬೇಡ. ತೆಳುವಾದ ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಗವಸು ಎರಡು ಜೊತೆ ಇಟ್ಟುಕೊಂಡು, ಮಧ್ಯಾಹ್ನ ಊಟಕ್ಕೆ ನಿಂತಾಗ ಬದಲಿಸಿ.

ಇನ್ನು ಹೆಬ್ಬೆರಳು. ಥ್ರಾಟಲ್ ಸನ್ನೆಗೂ (ಹೆಬ್ಬೆರಳಿನಿಂದ ಒತ್ತುವ ಲಿವರ್) ಸಾಮಾನ್ಯವಾಗಿ ಪ್ರತ್ಯೇಕ ಹೀಟರ್ ಇರುತ್ತದೆ. ನಿಮ್ಮದು ಹಳೆಯ ವಾಹನವಾದ್ದರಿಂದ ಅದರ ತಂತಿ ಕಡಿದಿರಬಹುದು. ಸನ್ನೆ ಒತ್ತಿದಾಗಲೆಲ್ಲ ಬಾಗುವ ತಂತಿ ಅದು. ಎಂಜಿನ್ ಚಾಲೂ ಮಾಡಿ, ನಿಂತಲ್ಲೇ ಬರಿಗೈಯಲ್ಲಿ ಗ್ರಿಪ್ಪನ್ನೂ ಸನ್ನೆಯನ್ನೂ ಮುಟ್ಟಿ ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ವಿನ್ನಿಪೆಗ್ ರಾಯರು

ಮಿನ್ನೆಸೋಟದವರ ಮಾತಿನಲ್ಲಿ ಬಹುಪಾಲು ಒಪ್ಪುತ್ತೇನೆ, ಮಫ್ ವಿಷಯದಲ್ಲಿ ಮಾತ್ರ ಪೂರ್ತಿ ಅಲ್ಲ. ಎದುರು ಬರುವವರಿಗೆ ನಮ್ಮ ಹಿಂದೆ ಇನ್ನೆಷ್ಟು ವಾಹನಗಳಿವೆ ಎಂದು ಕೈಸನ್ನೆ ಮಾಡಿ ತಿಳಿಸುವುದು ಈ ದಾರಿಗಳ ರೂಢಿ. ಪ್ರತಿ ಸಲವೂ ಮಫ್‌ನಿಂದ ಕೈ ತೆಗೆದು, ಕಣ್ಣು ದಾರಿಯ ಮೇಲಿಟ್ಟೇ ಮತ್ತೆ ತೂರಿಸುವುದು ಹೊಸಬರಿಗೆ ಕಷ್ಟ. ಕಾಡಿನ ಮೆದು ಹಿಮದಲ್ಲಿ ವಾಹನ ಮಗುಚುವ ಸಂಭವವಿದ್ದರೆ ಕೈ ಸಿಕ್ಕಿಕೊಳ್ಳಬಾರದೆಂಬ ಕಾರಣಕ್ಕೆ ನಾನು ಮಫ್ ಬಳಸುವುದಿಲ್ಲ. ಸಮತಟ್ಟಾದ ರೈಲುದಾರಿಯಲ್ಲಿ ಹೋಗುವ ನಿಮಗೆ ಅದು ಸರಿಹೊಂದಬಹುದು. ಬಾಯಿ ಅಗಲವಾಗಿರುವುದನ್ನೇ ಕೊಂಡು, ಹೊರಡುವ ಮೊದಲು ಅಂಗಳದಲ್ಲಿ ಅಭ್ಯಾಸ ಮಾಡಿ.

ಬ್ಯಾಟರಿ ಕೈಗವಸು ಸೊಗಸಾದ ವಸ್ತುವೇ. ಆದರೆ ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ; ಡಬ್ಬಿಯ ಮೇಲೆ ಬರೆದಿರುವ ಗಂಟೆಗಳು ಕಡಿಮೆ ಬಿಸಿಯಲ್ಲಿ ಇಟ್ಟಾಗಿನ ಲೆಕ್ಕವಾಗಿರುವುದೇ ಹೆಚ್ಚು. 150 ಕಿಲೋಮೀಟರ್ ಪ್ರಯಾಣವನ್ನು ಅದೊಂದರ ಮೇಲೆ ಬಿಟ್ಟು ಹೊರಡಬೇಡಿ. ಅದರ ಬದಲು ಒಂದಿಷ್ಟು ಶಾಖದ ಪೊಟ್ಟಣಗಳನ್ನು ಜೇಬಿನಲ್ಲಿಡಿ. ಅವುಗಳೊಳಗಿನ ಕಬ್ಬಿಣದ ಪುಡಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ ತುಕ್ಕು ಹಿಡಿಯುವಾಗ ಬಿಸಿ ಹೊರಬರುತ್ತದೆ. ಆದ್ದರಿಂದ ಒಡೆದ ಕೂಡಲೇ ಬಿಗಿಯಾದ ಕೈಗವಸಿನೊಳಗೆ ತುರುಕಿದರೆ ಉಸಿರು ಕಟ್ಟಿದಂತಾಗಿ ತಣ್ಣಗೇ ಉಳಿಯುತ್ತವೆ. ಹೊರಗೆ ಸ್ವಲ್ಪ ಹೊತ್ತು ಅಲ್ಲಾಡಿಸಿ, ಬಿಸಿಯೇರಿದ ಮೇಲೆ ಮಣಿಕಟ್ಟಿನ ಒಳಬದಿಯಲ್ಲಿಡಿ. ಬರಿ ಚರ್ಮಕ್ಕೆ ತಾಗಿಸಬೇಡಿ.

ಮೈಸೂರಿನ ವೈದ್ಯೆ

ಸಲಕರಣೆಗಳ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಆ ಬಿಳುಚುವಿಕೆಯ ಬಗ್ಗೆ ಇದೆ. ಎದೆ, ಹೊಟ್ಟೆಗಳ ಭಾಗ ತಣ್ಣಗಾಗತೊಡಗಿದರೆ ಶರೀರವು ಅಲ್ಲಿನ ಶಾಖ ಉಳಿಸಿಕೊಳ್ಳಲು ಕೈಕಾಲುಗಳ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಹಾಗಾಗಿ ಕುತ್ತಿಗೆ ಮತ್ತು ಎದೆಯನ್ನು ಬೆಚ್ಚಗಿಡದೆ ಕೈಗವಸಿಗೆ ಎಷ್ಟು ಖರ್ಚು ಮಾಡಿದರೂ ಫಲ ಅಷ್ಟಕ್ಕಷ್ಟೆ. ಸಿಗರೇಟು ಮತ್ತು ಮೂಗು ಕಟ್ಟಿದಾಗ ನುಂಗುವ ಕೆಲವು ಮಾತ್ರೆಗಳು ಕೂಡ ರಕ್ತನಾಳಗಳನ್ನು ಕುಗ್ಗಿಸುತ್ತವೆ.

ಒಂದು ಪ್ರಶ್ನೆ: ಫ್ರಿಜ್‌ನಿಂದ ಹಾಲಿನ ಡಬ್ಬಿ ತೆಗೆಯುವಾಗಲೂ ನಿಮ್ಮ ಬೆರಳುಗಳು ಗೆರೆ ಎಳೆದಂತೆ ಬಿಳಿಯಾಗಿ, ಆಮೇಲೆ ನೀಲಿಗೆ, ಕೆಂಪಿಗೆ ತಿರುಗುತ್ತವೆಯೇ? ಹಾಗಿದ್ದರೆ ಅದು ರೇನಾಡ್ಸ್, ಅಂದರೆ ಚಳಿಗೆ ಬೆರಳುಗಳ ರಕ್ತನಾಳಗಳು ಅತಿಯಾಗಿ ಕುಗ್ಗುವ ತೊಂದರೆ ಇರಬಹುದು. ಪ್ರಯಾಣಕ್ಕೆ ಮೊದಲು ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಳ್ಳಿ.

ದಾರಿಯಲ್ಲಿ ಬೆರಳು ಬಿಳುಚಿದರೆ ಕೂಡಲೇ ನಿಂತು, ಕೈಯನ್ನು ಕಂಕುಳಲ್ಲಿಟ್ಟುಕೊಳ್ಳಿ. ಉಜ್ಜುವುದು, ಹಿಮ ತಿಕ್ಕುವುದು, ಎಂಜಿನ್ನಿಗೋ ಬೆಂಕಿಗೋ ಹಿಡಿಯುವುದು ಕೂಡದು. ಜೋಮು ಹಿಡಿದ ಚರ್ಮಕ್ಕೆ ಸುಟ್ಟರೂ ಗೊತ್ತಾಗುವುದಿಲ್ಲ. ಬೆರಳು ಗಟ್ಟಿಯಾಗಿ, ಮೇಣದ ಬಣ್ಣಕ್ಕೆ ತಿರುಗಿದ್ದರೆ ಅದು ಹಿಮಕಡಿತ. 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿ ಬೆಚ್ಚಗಾಗಿಸಬೇಕು. ಆದರೆ ಆಸ್ಪತ್ರೆ ತಲುಪುವ ಮೊದಲು ಅದು ಮತ್ತೆ ಹೆಪ್ಪುಗಟ್ಟುವ ಸಾಧ್ಯತೆಯಿದ್ದರೆ ದಾರಿಯಲ್ಲಿ ಕರಗಿಸಲು ಹೋಗಬಾರದು, ಏಕೆಂದರೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಆಗುವ ಹಾನಿ ಹೆಚ್ಚು. ಉಂಗುರವಿದ್ದರೆ ಮನೆಯಲ್ಲೇ ತೆಗೆದಿಟ್ಟು ಹೊರಡಿ.

ತೀರ್ಥಹಳ್ಳಿ ಟು ಹೌಟನ್

ಎಲ್ಲರಿಗೂ ಧನ್ಯವಾದಗಳು. ಎಂಜಿನ್ ಚಾಲೂ ಮಾಡಿ ಮುಟ್ಟಿ ನೋಡಿದೆ: ಗ್ರಿಪ್‌ಗಳು ಬಿಸಿ, ಥ್ರಾಟಲ್ ಸನ್ನೆ ತಣ್ಣಗೆ. ಡಾಕ್ಟರ್ ಮೇಡಂ, ಫ್ರಿಜ್ ಮುಟ್ಟಿದಾಗ ಹಾಗೇನೂ ಆಗುವುದಿಲ್ಲ. ಸನ್ನೆಯ ಹೀಟರ್ ಬದಲಿಸಿ, ಮಫ್ ಹಾಕಿ ನೋಡುತ್ತೇನೆ. ಇನ್ನೊಂದು ಸಂದೇಹ: ಪೆಟ್ರೋಲ್ ತುಂಬಿಸಲು, ಫೋಟೊ ತೆಗೆಯಲು ಕೈಗವಸು ಕಳಚಬೇಕಾದಾಗ ಏನು ಮಾಡುತ್ತೀರಿ?

ಕೊಡಗಿನ ನಿವೃತ್ತ ಸೈನಿಕ

ಲಡಾಖ್‌ನಲ್ಲಿ ಕೆಲಸ ಮಾಡಿದವನಾದ್ದರಿಂದ ಇದೊಂದಕ್ಕೆ ಉತ್ತರಿಸುತ್ತೇನೆ. ಹೊರಗವಸನ್ನು ಕಳಚಿದರೂ ತೆಳುವಾದ ಒಳಗವಸನ್ನು ಕಳಚಬೇಡಿ; ಬರಿಗೈಯಲ್ಲಿ ತಣ್ಣನೆಯ ಲೋಹ ಹಿಡಿದರೆ ಚರ್ಮ ಅಂಟಿಕೊಳ್ಳುತ್ತದೆ. ಕಳಚಿದ ಹೊರಗವಸು ಗಾಳಿಗೆ ಹಾರದಂತೆ ದಾರ ಕಟ್ಟಿ ಕುತ್ತಿಗೆಗೆ ಇಳಿಬಿಡಿ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಪೆಟ್ರೋಲ್ ಬಗ್ಗೆ. ನೀರು ಮಂಜುಗಡ್ಡೆಯಾಗುವ ಚಳಿಯಲ್ಲೂ ಅದು ದ್ರವವಾಗಿಯೇ ಇರುತ್ತದೆ. ಹೊರಗಿನ ಗಾಳಿಯಷ್ಟೇ ತಣ್ಣಗಿರುವ ಆ ಪೆಟ್ರೋಲ್ ಕೈಮೇಲೆ ಚೆಲ್ಲಿದರೆ, ಬೇಗ ಆವಿಯಾಗುತ್ತ ಚರ್ಮದ ಶಾಖವನ್ನು ಹೀರಿ ನಿಮಿಷಗಳಲ್ಲೇ ಹಿಮಕಡಿತ ಉಂಟುಮಾಡಬಲ್ಲದು. ಬಂಕಿನಲ್ಲಿ ತುಂಬಿಸುವಾಗ ಉದ್ದ ತೋಳಿನ ರಬ್ಬರ್ ಕೈಗವಸನ್ನು ಒಳಗವಸಿನ ಮೇಲೆ ಹಾಕಿಕೊಳ್ಳಿ, ಮುಗಿದ ಮೇಲೆ ಅದನ್ನು ಬೇರೆ ಚೀಲದಲ್ಲಿಡಿ. ಪೆಟ್ರೋಲ್ ತಾಗಿದ ಕೈಗವಸನ್ನು ಬಿಸಿ ಗ್ರಿಪ್ ಮೇಲೆ ಒಣಗಿಸುವ ಸಾಹಸ ಬೇಡ.