ವಿಚಾರಣೆಯ ಆದೇಶವಾಗಿ ಒಂಬತ್ತು ದಿನ, ಹುಡುಗ ಇನ್ನೂ ಒಳಗೇ

ಸರಸ್ವತಿಪುರಂ ದೊಡ್ಡಮ್ಮ:
ನನ್ನ ತಂಗಿಯ ಮಗ ಅಮೆರಿಕದಲ್ಲಿ ವಲಸೆ ಬಂಧನದಲ್ಲಿದ್ದಾನೆ. ವೀಸಾ ಅವಧಿ ಮೀರಿದ್ದು ಅವನದೇ ತಪ್ಪು, ಮುಚ್ಚಿಡುವುದಿಲ್ಲ. ವಕೀಲರು ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನ ಕಾನೂನುಬದ್ಧವೇ ಎಂದು ಪ್ರಶ್ನಿಸುವ ಅರ್ಜಿ, ಹಾಕಿದರು. ಏಳು ದಿನದೊಳಗೆ ಜಾಮೀನು ವಿಚಾರಣೆ ನಡೆಸಿ, ಇಲ್ಲವೇ ಬಿಟ್ಟುಬಿಡಿ ಎಂದು ಆದೇಶವಾಯಿತು. ಇವತ್ತಿಗೆ ಒಂಬತ್ತು ದಿನ. ವಿಚಾರಣೆಯ ಸುಳಿವಿಲ್ಲ, ಅವನನ್ನು ಬೇರೆ ರಾಜ್ಯಕ್ಕೆ ಸಾಗಿಸಿದ್ದಾರೆ. ಸರ್ಕಾರವೇ ಮಾತು ಕೇಳದಿದ್ದರೆ ನ್ಯಾಯಾಧೀಶರು ಯಾರನ್ನು ಕಳಿಸುತ್ತಾರೆ?

ಮಂಡ್ಯದ ನಿವೃತ್ತ ಅಮೀನ:
ತಾಯಿ, ಮೂವತ್ತೊಂದು ವರ್ಷ ಜಪ್ತಿ ವಾರಂಟ್ ಹಿಡಿದು ಅಲೆದವನು ನಾನು. ಭೂಸ್ವಾಧೀನದ ಪರಿಹಾರ ಕೊಡದ ಕಚೇರಿಯೊಂದಕ್ಕೆ ಹೋಗಿ ಕುರ್ಚಿ, ಕಂಪ್ಯೂಟರ್ ಹೊರಗೆ ಇಡಿಸಿದೆ. ಯಾರೂ ಅಲುಗಲಿಲ್ಲ, ಗುಮಾಸ್ತರು ನಿಂತುಕೊಂಡೇ ಚಹಾ ಕುಡಿದರು. ಸಾಹೇಬರ ಜೀಪಿನ ಬೀಗದ ಕೈ ಕೇಳಿದೆ ನೋಡಿ, ಆರು ವರ್ಷ ‘ಅನುದಾನ ಬಂದಿಲ್ಲ’ ಎಂದವರು ಸಂಜೆಯೊಳಗೆ ಚೆಕ್ ಬರೆದರು.

ಅದು ಹಣದ ಡಿಕ್ರಿ. ಮನುಷ್ಯನನ್ನು ಬಿಡಿಸಲು ಜಪ್ತಿ ನಡೆಯದು, ನ್ಯಾಯಾಂಗ ನಿಂದನೆಯ ದಾರಿಯೇ ಹಿಡಿಯಬೇಕು. ನಮ್ಮ 1971ರ ಕಾಯ್ದೆಯಲ್ಲಿ ಅದಕ್ಕೆ ಹೆಚ್ಚೆಂದರೆ ಆರು ತಿಂಗಳ ಸಾದಾ ಸಜೆ, ಎರಡು ಸಾವಿರ ರೂಪಾಯಿ ದಂಡ. ಎರಡು ಸಾವಿರಕ್ಕೆ ಯಾವ ಅಧಿಕಾರಿ ಹೆದರುತ್ತಾನೆ? ‘ಖುದ್ದು ಹಾಜರಾಗಿ’ ಎಂದರೆ ಹೆದರುತ್ತಾನೆ. ನಿಮ್ಮ ಆದೇಶದಲ್ಲಿ ಬರೀ ‘ಸರ್ಕಾರ’ ಎಂದಿದೆಯೋ, ಅಧಿಕಾರಿಯ ಹೆಸರಿದೆಯೋ ನೋಡಿಸಿ.

ಕುವೆಂಪುನಗರದವಳು, ಈಗ ನ್ಯೂಜೆರ್ಸಿ:
ಇಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಅರ್ಜಿ ಹಾಕಿದ ಮೇಲೆ ಸಾಗಿಸಿದ್ದರೆ ಆ ನ್ಯಾಯಾಲಯದ ಅಧಿಕಾರ ತಪ್ಪುವುದಿಲ್ಲ ದೊಡ್ಡಮ್ಮ. 1944ರಲ್ಲಿ ಎಂಡೋ ಎಂಬ ಬಂಧಿತೆಯ ಪ್ರಕರಣದಲ್ಲೇ ಇಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಮೇಲ್ಮನವಿ ನ್ಯಾಯಾಲಯದ ತಡೆಯಾಜ್ಞೆ ಇದೆಯೇ ಎಂದು ಮೊದಲು ಕೇಳಿ. ಇಲ್ಲವಾದರೆ ಅದೇ ನ್ಯಾಯಾಧೀಶರ ಮುಂದೆ ಆದೇಶ ಜಾರಿಗೆ ಅರ್ಜಿ ಹಾಕಬೇಕು.

ಕಳಿಸುವುದು ಯಾರನ್ನು ಎಂದಿರಿ. ನ್ಯಾಯಾಲಯದ ಆದೇಶ ಜಾರಿ ಮಾಡುವ ಮಾರ್ಷಲ್‌ಗಳು ಇರುವುದು ನ್ಯಾಯ ಇಲಾಖೆಯ ಕೈಕೆಳಗೆ, ಸರ್ಕಾರದ ಪರ ವಾದಿಸುವುದೂ ಅದೇ ಇಲಾಖೆ! ಹಾಗಾಗಿ ನ್ಯಾಯಾಧೀಶರು ಮೊದಲು ಪ್ರಮಾಣಪತ್ರ, ವರದಿ ಕೇಳುತ್ತಾರೆ. ಆಮೇಲೆ ದಂಡ, ನಿಂದನೆ. ಅಬ್ರೆಗೊ ಗಾರ್ಸಿಯಾ ಎಂಬ ವಲಸಿಗರನ್ನು ಅವರ ದೇಶ ಎಲ್ ಸಾಲ್ವಡಾರ್‌ಗೆ ಕಳಿಸಬಾರದೆಂದು 2019ರಲ್ಲೇ ಆದೇಶವಿತ್ತು, 2025ರ ಮಾರ್ಚ್ 15ರಂದು ಕಳಿಸಿಯೇಬಿಟ್ಟರು. ಅಲ್ಲಿಂದ ಅವರ ಬಿಡುಗಡೆಗೆ ಅನುಕೂಲ ಮಾಡಿಕೊಡಿ ಎಂದು ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಹೇಳಿತು, ಜಿಲ್ಲಾ ನ್ಯಾಯಾಧೀಶೆ ದಿನಕ್ಕೊಂದು ವರದಿ ಕೇಳಿದರು. ಕರೆತಂದದ್ದು ಜೂನ್ 6ಕ್ಕೆ, ಅದೂ ಕ್ರಿಮಿನಲ್ ಆರೋಪ ಹೊರಿಸಿ.

ಸರಸ್ವತಿಪುರಂ ದೊಡ್ಡಮ್ಮ:
ವಕೀಲರು ಸಿಕ್ಕರು. ತಡೆಯಾಜ್ಞೆ ಇಲ್ಲ, ಸಾಗಿಸಿದ್ದು ಅರ್ಜಿಯ ನಂತರವೇ. ಜಾರಿ ಅರ್ಜಿ ಹಾಕಿದ್ದಾರೆ. ನಾಳೆ ವರದಿ ಕೊಡಿ ಎಂದು ನ್ಯಾಯಾಧೀಶರು ಬರೆದಿದ್ದಾರೆ.

ಮಂಡ್ಯದ ನಿವೃತ್ತ ಅಮೀನ:
ಗಂಟೆ ಬರೆದಿದ್ದಾರೆಯೇ, ಬರೀ ತಾರೀಖೋ?

ಸರಸ್ವತಿಪುರಂ ದೊಡ್ಡಮ್ಮ:
ಬರೆದಿದ್ದಾರೆ. ಅಲ್ಲಿ ಸಂಜೆ ಐದು, ನಮಗೆ ರಾತ್ರಿ ಎರಡೂವರೆ. ತಂಗಿಯ ಮನೆಯಲ್ಲೇ ಮಲಗುತ್ತೇನೆ.