ಪದಚರ್ಚೆ: ಎಸ್‌ಎಸ್‌ಎಚ್ ಕೀ ಬದಲಿಸುವುದಕ್ಕೆ ಏನೆನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಮಾನ್ಯರೆ,
ಮೈಸೂರಿನ ಕಚೇರಿಯೊಂದರ ಸೂಚನಾಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿನ ಸ್ಟೋರೇಜ್ ಪೆಟ್ಟಿಗೆಗಳನ್ನೆಲ್ಲ ಒಂದು ನಿರ್ವಹಣಾ ಸರ್ವರ್ ನೋಡಿಕೊಳ್ಳುತ್ತದೆ. ಅದು ಎಸ್‌ಎಸ್‌ಎಚ್ ಮೂಲಕ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಒಳಹೋಗುವ ವಿಧಾನ) ಒಳಹೋಗಲು ಬಳಸುವ ಕೀ ಜೋಡಿ ಹಳೆಯ ಡಿಎಸ್‌ಎ ಬಗೆಯದು. ಆ ವಿಧಾನದ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್ 2015ರ 7.0 ಆವೃತ್ತಿಯಲ್ಲೇ ಅದನ್ನು ಬದಿಗಿಟ್ಟಿದೆ. ಹೊಸದು ಇಡಿ25519 ಎಂಬ ಬಗೆಯದಾಗಬೇಕು. "ಕೀಲಿಗಳ ಪ್ರತಿಸ್ಥಾಪನೆ" ಎಂದು ಬರೆದಿದ್ದೆ. ಧಾರವಾಡದ ಸಹೋದ್ಯೋಗಿ ಓದಿ, "ಕೀಲಿಯನ್ನೇ ಬದಲಿಸಿದರೆ ಕೀಲಿಕೈ ಏನಾಗಬೇಕು?" ಎಂದರು. ಅವರ ಕಡೆ ಕೀಲಿ ಎಂದರೆ ಬೀಗ. ಜೋಡಿಯಲ್ಲಿ ಹೊರಗೆ ಕೊಡುವ ಪಬ್ಲಿಕ್ ಕೀ, ಗುಟ್ಟಾಗಿಡುವ ಪ್ರೈವೇಟ್ ಕೀಗಳಿಗೂ ಪದ ಬೇಕು.

— ಕುವೆಂಪುನಗರದಿಂದ:
ಪ್ರತಿಸ್ಥಾಪನೆ ಹಿಂದಿಯವರದು. ಕನ್ನಡಿಗ ಅದನ್ನು ಪ್ರತಿಷ್ಠಾಪನೆ ಎಂದು ಓದಿ ಗಣಪತಿ ಚಂದಾಕ್ಕೆ ಕೈ ಜೇಬಿಗೆ ಹಾಕುತ್ತಾನೆ. ಕೀಲಿಯೂ ಬೇಡ; ಅದು ಸಂಸ್ಕೃತದ ಕೀಲ, ಅಂದರೆ ಗೂಟ. ಬೀಗ, ಬೀಗದ ಕೈ ಇರುವಾಗ ಗೂಟವೇಕೆ?
ಇನ್ನೊಂದು ಮಾತು. ಪಬ್ಲಿಕ್ ಕೀ ಎಂಬುದು ಕೀಯೇ ಅಲ್ಲ, ಬೀಗ. ಸ್ಟೋರೇಜಿನಲ್ಲಿ ಯಾವ ಕೀಗಳಿಗೆ ಪ್ರವೇಶವುಂಟೆಂದು ಪಟ್ಟಿ ಮಾಡಿದ ಆಥರೈಸ್ಡ್ ಕೀಸ್ ಕಡತದಲ್ಲಿ ಅದನ್ನು ತಗುಲಿಸುತ್ತೇವೆ. ಬೀದಿ ಬಾಗಿಲ ಬೀಗದಂತೆ ಯಾರು ನೋಡಿದರೂ ನಷ್ಟವಿಲ್ಲ. ನಿರ್ವಹಣಾ ಸರ್ವರಿನ ಸೊಂಟದಲ್ಲಿರುವುದು ಬೀಗದ ಕೈ. ಇಂಗ್ಲಿಷಿನವರು ಎರಡಕ್ಕೂ ಒಂದೇ ಹೆಸರಿಟ್ಟು ಕೆಡಿಸಿದರು. ಆ ತಪ್ಪನ್ನೂ ಅನುವಾದಿಸಬೇಕೆ?

— ಮಂಡ್ಯದಿಂದ:
ಮೇಷ್ಟ್ರೇ, ನಮ್ಮೂರಿನಲ್ಲಿ "ಬೀಗ ಬದಲಿಸಿ" ಎಂದು ಗೋಡೆಗೆ ಅಂಟಿಸಿದರೆ ಸಂಬಂಧ ಮುರಿಯಿತೆಂದು ತಿಳಿದು ಬೀಗರ ಊಟಕ್ಕೇ ಯಾರೂ ಬರುವುದಿಲ್ಲ.
ಅದಿರಲಿ. ಆ ಕಡತದಲ್ಲಿ ಕೀಗೊಂದರಂತೆ ಹತ್ತು ಸಾಲುಗಳಿದ್ದರೆ ಒಂದು ಬಾಗಿಲಿಗೆ ಹತ್ತು ಬೀಗವೆ? ಒಂದು ತೆರೆದರೆ ಉಳಿದ ಒಂಬತ್ತೂ ಸುಮ್ಮನಾಗುತ್ತವೆಯೆ? ಅಲ್ಲಿ ತೆರೆಯುವುದೇನೂ ಇಲ್ಲ. ಪ್ರೈವೇಟ್ ಕೀ ತನ್ನ ಯಂತ್ರವನ್ನು ಬಿಟ್ಟು ಕದಲುವುದಿಲ್ಲ. ಅದು ಹಾಕಿದ ಸಹಿಯನ್ನು ಪಬ್ಲಿಕ್ ಕೀಯಿಂದ ತಾಳೆ ನೋಡುತ್ತಾರೆ, ಅಷ್ಟೆ. ಮುದ್ರೆಯುಂಗುರ ಎನ್ನಿ, ಹತ್ತಿರವಾದೀತು. ಸ್ಟೋರೇಜಿಗೆ ತನ್ನ ಗುರುತು ತೋರಿಸಲು ತನ್ನದೇ ಹೋಸ್ಟ್ ಕೀ ಬೇರೆ ಇರುತ್ತದೆ. ಅದು ನಿಮ್ಮ ಲೆಕ್ಕದಲ್ಲಿ ಬೀಗವೋ ಕೈಯೋ?
ಕೇಳಿದವರಿಗೆ: ತೊಡಕು ನಾಮಪದದಲ್ಲಿಲ್ಲ, "ಬದಲಿಸಿ"ಯಲ್ಲಿದೆ. ನಮ್ಮಲ್ಲಿ ಅಷ್ಟೇ ಬರೆದಿದ್ದರು. ಒಬ್ಬರು ಹಳೆಯ ಸಾಲನ್ನು ಅಳಿಸಿ, ಹೊರಬಂದು, ಊಟ ಮುಗಿಸಿ ಹೊಸದನ್ನು ಹಾಕಲು ಹೋದರು. ಯಾವ ಕೀಯಿಂದ ಒಳಹೋಗಬೇಕಿತ್ತು? ಯಾವುದು ಮೊದಲು, ಯಾವುದು ಆಮೇಲೆ ಎಂದು ಬರೆಯಿರಿ.

— ಕುವೆಂಪುನಗರದಿಂದ:
ಮುದ್ರೆ ಸಂಸ್ಕೃತ. ಬದಲು ಅರಬ್ಬಿ. ಪ್ರೈವೇಟ್‌ಗೆ "ಖಾಸಗಿ" ಎನ್ನಲು ಹೊರಟಿದ್ದರೆ ಅದೂ ಅರಬ್ಬಿಯೇ. ಹೋಸ್ಟ್ ಕೀ ಇಲ್ಲಿ ಅಪ್ರಸ್ತುತ.

— ಶ್ರೀರಂಗಪಟ್ಟಣದಿಂದ:
ಅಪ್ರಸ್ತುತ ಯಾವ ಭಾಷೆ ಸರ್? ಬದಲು, ಖಾಸಗಿ, ದಾಖಲೆ, ತಾಲ್ಲೂಕುಗಳನ್ನೆಲ್ಲ ಹೊರಗಟ್ಟಿದರೆ ತಹಶೀಲ್ದಾರರು ಮನೆಗೆ ಹೋಗಬೇಕಾಗುತ್ತದೆ. ತಾವೇ ಬರೆದ "ಕಡತ"ವನ್ನು ನೋಡಿ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಸಿಟ್ಟ ಬಟ್ಟೆಯ ಪುಸ್ತಕ ಅದು. ಇಂದು ಕಂಪ್ಯೂಟರಿನ ಫೈಲು. ಬಟ್ಟೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಎರಡು ಕೀಗಳಿಗೂ ಕೀಲಿಕೈ ಎನ್ನಿ. ಧಾರವಾಡಕ್ಕೂ ತಿಳಿಯುತ್ತದೆ, ಮೈಸೂರಿಗೂ ತಿಳಿಯುತ್ತದೆ.

— ಪ್ರಶ್ನೆ ಕೇಳಿದವರಿಂದ:
ವಂದನೆಗಳು. ಸೂಚನಾಪತ್ರ ಹೀಗೆ ಹೋಗುತ್ತಿದೆ: "ನಿರ್ವಹಣಾ ಸರ್ವರಿನಲ್ಲಿ ಹೊಸ ಕೀಲಿಕೈ ಜೋಡಿಯನ್ನು ಮಾಡಿಕೊಳ್ಳಿ. ಸಾರ್ವಜನಿಕ ಕೀಲಿಕೈಯನ್ನು ಸ್ಟೋರೇಜಿಗೆ ಸೇರಿಸಿ. ಹೊಸದರಿಂದ ಒಳಹೋಗಿ ನೋಡಿ. ಅದಾದ ಮೇಲಷ್ಟೇ ಹಳೆಯದನ್ನು ತೆಗೆಯಿರಿ. ಖಾಸಗಿ ಕೀಲಿಕೈಯನ್ನು ಯಾರಿಗೂ ಕಳುಹಿಸಬೇಡಿ."

— ಕುವೆಂಪುನಗರದಿಂದ:
"ಸರ್ವರ್" ಹಾಗೆಯೇ ಉಳಿದಿದೆ. ಊಳಿಗ ಎಂಬ ಪದ ಸತ್ತು ಹೋಯಿತೆ?