ಸಹಾಯ ಬೇಕು: ಸೊಂಟದೆತ್ತರ ಹುಲ್ಲು ಸವರಲು ಕಡಿಮೆ ಬೆಲೆಯ ಯಂತ್ರ ಯಾವುದು?

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ನಮ್ಮ ಹಳೆಯ ಮನೆಯ ಸುತ್ತ ಅರ್ಧ ಎಕರೆಯಷ್ಟು ಜಾಗವಿದ್ದು, ಎರಡು ಮಳೆಗಾಲ ಯಾರೂ ಕೈ ಹಾಕದ ಕಾರಣ ಹುಲ್ಲು ಸೊಂಟದವರೆಗೆ ಬೆಳೆದಿದೆ. ಬುಡದಲ್ಲಿ ನಾಚಿಕೆಮುಳ್ಳು ಹಬ್ಬಿ ಬಾವಿಯ ದಾರಿಯೇ ಮುಚ್ಚಿಹೋಗಿದ್ದು, ಅಮ್ಮ ಬೆಳಗಿನ ಕತ್ತಲೆಯಲ್ಲಿ ಅಲ್ಲೇ ಓಡಾಡುವುದರಿಂದ ಹಾವಿನ ಭಯ ನನ್ನನ್ನು ಬಿಡುತ್ತಿಲ್ಲ.

ಕಳೆದ ವಾರ ಪರಿಚಿತರೊಬ್ಬರಿಂದ ತಳ್ಳುವ ಲಾನ್ ಮೂವರ್ ತಂದು ನೋಡಿದೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಒದ್ದೆ ಹುಲ್ಲು ಬ್ಲೇಡಿಗೆ ಹಗ್ಗದಂತೆ ಸುತ್ತಿಕೊಂಡು ಎಂಜಿನ್ ನಿಂತುಹೋಯಿತು. ಅದು ಸಮತಟ್ಟಾದ, ಗಿಡ್ಡ ಹುಲ್ಲಿಗೆ ಮಾತ್ರ ಸರಿ. ನಮಗೆ ಬ್ರಷ್ ಕಟರ್ (ಹೆಗಲಿಗೆ ಹಾಕಿಕೊಂಡು, ಉದ್ದ ಕೋಲಿನ ತುದಿಯಲ್ಲಿ ತಿರುಗುವ ಬ್ಲೇಡ್ ಅಥವಾ ನೈಲಾನ್ ದಾರದಿಂದ ಹುಲ್ಲು ಸವರುವ ಯಂತ್ರ) ಬೇಕೆಂಬುದು ಖಚಿತವಾಯಿತು.

ನನ್ನ ಮಿತಿ 12,000 ರೂಪಾಯಿ. ಟೂ ಸ್ಟ್ರೋಕ್ ಯಂತ್ರ ಹಗುರ ಮತ್ತು ಅಗ್ಗ, ಆದರೆ ಪ್ರತಿ ಬಾರಿಯೂ ಪೆಟ್ರೋಲಿಗೆ ಅಳತೆ ಮಾಡಿ ಆಯಿಲ್ ಬೆರೆಸಬೇಕು. ಫೋರ್ ಸ್ಟ್ರೋಕ್‌ನಲ್ಲಿ ಆ ತಾಪತ್ರಯವಿಲ್ಲದಿದ್ದರೂ ಬೆಲೆ ಮತ್ತು ತೂಕ ಹೆಚ್ಚು. ಇಳಿಜಾರಿನಲ್ಲಿ ಗಂಟೆಗಟ್ಟಲೆ ಹೊತ್ತು ಕೆಲಸ ಮಾಡಿದವರು ಯಾವುದನ್ನು ಆರಿಸುತ್ತೀರಿ? ಎಳೆಯ ಅಡಿಕೆ ಸಸಿಗಳ ಬುಡಕ್ಕೆ ನೈಲಾನ್ ದಾರ ತಗುಲಿದರೂ ಸಿಪ್ಪೆ ಸುಲಿಯುತ್ತದೆಯಾದ್ದರಿಂದ, ಸಸಿಗಳ ಸುತ್ತ ಒಂದು ಮೊಳ ಬಿಟ್ಟು ಕತ್ತಿಯಿಂದಲೇ ಸವರುವ ಯೋಚನೆಯಿದೆ. ಉಳಿದ ಕಡೆ ಮೂರು ಹಲ್ಲಿನ ಬ್ಲೇಡ್ ಸಾಕೇ?

ಬ್ರಷ್ ಕಟರಿಗೆ ರೈತ ಸಂಪರ್ಕ ಕೇಂದ್ರದಿಂದ ಸಹಾಯಧನ ಪಡೆದವರಿದ್ದರೆ, ಪಹಣಿ ಮತ್ತು ಆಧಾರ್ ಅಲ್ಲದೆ ಬೇರೆ ಯಾವ ದಾಖಲೆ ಕೇಳಿದರೆಂದು ದಯವಿಟ್ಟು ತಿಳಿಸಿ. ಸಾಗರ ಅಥವಾ ಶಿವಮೊಗ್ಗದಲ್ಲಿ ಬಿಡಿಭಾಗ ಸುಲಭವಾಗಿ ಸಿಗುವ ಯಂತ್ರವಾದರೆ ಇನ್ನೂ ಒಳ್ಳೆಯದು. ದೀಪಾವಳಿಯೊಳಗೆ ಬಾವಿಯ ದಾರಿಯನ್ನಾದರೂ ತೆರವು ಮಾಡಬೇಕಾಗಿದೆ.